ಚೂಪು ಹಿಂಬದಿಯ ಕೀರ್ತಿ

ತುರೀಯ ಎಂಬ ಹಾಯಿದೋಣಿಯ ಬಗ್ಗೆ ಬರೆದವರೆಲ್ಲ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ: ಅದು ಸುಹೈಲಿಯ ಪ್ರತಿಕೃತಿ. ಸುಹೈಲಿ ಎಂದರೆ ಒಂಟಿಯಾಗಿ ಜಗತ್ತು ಸುತ್ತುವ 1968ರ ಮೊದಲ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ರಾಬಿನ್ ನಾಕ್ಸ್-ಜಾನ್ಸ್ಟನ್ ನಡೆಸಿ ಗುರಿ ಮುಟ್ಟಿಸಿದ ದೋಣಿ. 2018ರ ಜುಲೈ 1ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಬಂದರಿನಿಂದ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ತುರೀಯ ಹೊರಟಾಗ ಪ್ರತಿಕೃತಿ ಎಂಬ ಮಾತು ಪ್ರಶಸ್ತಿಪತ್ರದಂತಿತ್ತು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದೋಣಿ ಮಗುಚಿತು, ಕೂವೆ ಮುರಿಯಿತು, ಅದರ ಒಂಟಿ ನಾವಿಕ ಅಭಿಲಾಷ್ ಟೋಮಿ ಬೆನ್ನುಮೂಳೆ ಮುರಿದುಕೊಂಡು ಬಂಕಿನಲ್ಲಿ ಅಲುಗಾಡಲಾರದೆ ಬಿದ್ದರು. ಆಮೇಲೆ ಅದೇ ಮಾತು ಆರೋಪಪಟ್ಟಿಯಾಯಿತು. ಐವತ್ತು ವರ್ಷ ಹಳೆಯ ದೋಣಿಯ ನಕಲು ಹತ್ತಿ ಹೋದರೆ ಇನ್ನೇನಾದೀತು ಎಂದು ಹೇಳಿದವರಲ್ಲಿ ಮೂರು ತಿಂಗಳ ಹಿಂದೆ ಅದೇ ನಕಲಿಗೆ ಆರತಿ ಎತ್ತಿದವರೂ ಇದ್ದರು.

ಎರಡೂ ಕಡೆಯವರು ದೋಣಿಯನ್ನು ನೋಡಲಿಲ್ಲ ಎಂಬುದು ನನ್ನ ದೂರು. ಅವರು ನೋಡಿದ್ದು ಸುಹೈಲಿಯ ಕೀರ್ತಿಯನ್ನು. ಆ ಕೀರ್ತಿ ಬಹುಮಟ್ಟಿಗೆ ನಿಂತಿರುವುದು ಸುಹೈಲಿಯ ಹಿಂಬದಿಯ ಮೇಲೆ. ಮುಂದಿನ ಮೂತಿಯಂತೆಯೇ ಹಿಂದೆಯೂ ಚೂಪಾಗಿ ಕೂಡಿಕೊಳ್ಳುವ, ಚುಕ್ಕಾಣಿಯನ್ನು ಹೊರಗೇ ತೂಗುಹಾಕಿಕೊಂಡ ಆ ಹಿಂಬದಿ ಬೆನ್ನಟ್ಟಿ ಬರುವ ಅಲೆಯನ್ನು ಸೀಳುತ್ತದೆ, ಎರಡು ಕಡೆಗೆ ಹಂಚಿ ಕಳಿಸುತ್ತದೆ ಎಂದು ಹಾಯಿದೋಣಿಯ ಪುಸ್ತಕಗಳು ಒಂದರ ಬೆನ್ನಿಗೊಂದು ಹೇಳುತ್ತ ಬಂದಿವೆ. ಈ ಮಾತನ್ನು ಪರೀಕ್ಷಿಸದೆ ತುರೀಯವನ್ನು ಹೊಗಳಲೂ ಆಗದು, ತೆಗಳಲೂ ಆಗದು.

ಮೊದಲು ವಂಶಾವಳಿ. ಕಾಲಿನ್ ಆರ್ಚರ್ ನಾರ್ವೆಯ ಲಾರ್ವಿಕ್‌ನವನು, ಸ್ಕಾಟ್ಲೆಂಡಿನಿಂದ ಹೋಗಿ ನೆಲೆಸಿದವರ ಮಗ. ನಾನ್ಸೆನ್‌ನ ಧ್ರುವಯಾತ್ರೆಗೆ ಫ್ರಾಮ್ ಹಡಗನ್ನು ಕಟ್ಟಿದವನು. ಮಂಜುಗಡ್ಡೆ ಒತ್ತಿದಾಗ ಒಡೆಯದೆ ಮೇಲಕ್ಕೆ ಜಾರಿ ಎದ್ದು ಕೂರುವಂತೆ ಫ್ರಾಮ್‌ನ ಒಡಲನ್ನು ದುಂಡಗೆ ಮಾಡಿದ ಬುದ್ಧಿ ಅವನದು. ಕೆಲಸ ನೋಡಿ ಆಕಾರ ಕೊಡುವವನು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. 1893ರಲ್ಲಿ ಅವನ ಮೊದಲ ರಕ್ಷಣಾದೋಣಿ ನೀರಿಗಿಳಿಯಿತು. ಉದ್ದ 45 ಅಡಿಗೂ ಮಿಕ್ಕಿ. ಚಳಿಗಾಲದ ಬಿರುಗಾಳಿಯಲ್ಲಿ ಮೀನುಗಾರರ ಗುಂಪಿನ ಹತ್ತಿರ ಕಾದು ನಿಂತು, ತೊಂದರೆಗೆ ಸಿಕ್ಕ ದೋಣಿಗಳನ್ನು ಬಂಡೆಗಳಿಂದಾಚೆಗೆ ಎಳೆದು ತರುವುದು ಅದರ ಕೆಲಸ. ಇನ್ನೊಂದು ದೋಣಿಯ ಪಕ್ಕಕ್ಕೆ ತಾಗಿ ನಿಲ್ಲುವಾಗ ಬಡಿದುಕೊಳ್ಳಲು ಮೂಲೆಗಳಿರಬಾರದು, ಹಲಗೆಗಳ ಎರಡು ತುದಿಯೂ ಗಟ್ಟಿ ಮರಕ್ಕೆ ಕಚ್ಚಿಕೊಂಡಿರಬೇಕು. ಚೂಪು ಹಿಂಬದಿ ಅಲ್ಲಿ ಅರ್ಥವುಳ್ಳದ್ದು. ಅದಕ್ಕೂ ಮಿಗಿಲಾಗಿ, ವೈಕಿಂಗರ ಕಾಲದಿಂದ ಆ ಕರಾವಳಿಯ ಬಡಗಿಗಳಿಗೆ ದೋಣಿ ಎಂದರೆ ಹಾಗೆಯೇ. ನಮ್ಮ ಕರಾವಳಿಯ ಪಾತಿದೋಣಿಯೂ ಎರಡು ಕಡೆ ಚೂಪೇ. ದಡದ ಅಲೆಯಲ್ಲಿ ಮುಂದಕ್ಕೂ ಹಿಂದಕ್ಕೂ ತಳ್ಳಬೇಕಲ್ಲ. ಆ ಆಕಾರ ಕೇಪ್ ಹಾರ್ನ್ ಸುತ್ತಲು ಹುಟ್ಟಿದ್ದು ಎಂದು ಮಲ್ಪೆಯಲ್ಲಿ ಯಾರೂ ಹೇಳಿಲ್ಲ.

1920ರ ದಶಕದಲ್ಲಿ ಅಮೆರಿಕದ ವಿಲಿಯಂ ಅಟ್ಕಿನ್ ಈ ನಾರ್ವೆಯ ದೋಣಿಯನ್ನು ಕುಗ್ಗಿಸಿ 32 ಅಡಿಯ ವಿಹಾರದೋಣಿಯೊಂದರ ನಕ್ಷೆ ಬರೆದ. ಹೆಸರು ಎರಿಕ್. 1960ರ ದಶಕದ ಆರಂಭದಲ್ಲಿ ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ತರುಣ ಅಧಿಕಾರಿ ರಾಬಿನ್ ನಾಕ್ಸ್-ಜಾನ್ಸ್ಟನ್ ಮತ್ತು ಗೆಳೆಯರು ಬೊಂಬಾಯಿಯಲ್ಲಿ ದೋಣಿ ಕಟ್ಟಿಸಲು ಹೊರಟು ಇಂಗ್ಲೆಂಡಿಗೆ ಬೇರೆ ಯಾವುದೋ ನಕ್ಷೆಗೆ ಬರೆದರು. ಬಂದದ್ದು ಎರಿಕ್‌ನ ನಕ್ಷೆ. ಹಿಂದಿರುಗಿಸಿ ತರಿಸುವಷ್ಟು ವ್ಯವಧಾನ ಇರಲಿಲ್ಲ; ಇದೇ ಆಗಲಿ ಎಂದರು. ಬಾಚಿ, ಉಳಿ, ಬಿಲ್ಲುಬೈರಿಗೆ ಹಿಡಿದ ಬೊಂಬಾಯಿಯ ಬಡಗಿಗಳು ತೇಗದ ಮರದಲ್ಲಿ ಅದನ್ನು ಕಟ್ಟಿದರು. 1964ರ ಡಿಸೆಂಬರಿನಲ್ಲಿ ಮೂತಿಗೆ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ಅದೇ ಸುಹೈಲಿ. ಜಗತ್ತಿನ ಅತಿ ಪ್ರಸಿದ್ಧ ಒಂಟಿಯಾನದ ದೋಣಿ ಆಯ್ಕೆಯಾದದ್ದಲ್ಲ, ಅಂಚೆಯಲ್ಲಿ ತಪ್ಪಿ ಬಂದದ್ದು. ಇದು ಸುಹೈಲಿಯ ಭಕ್ತರಿಗೂ ಗೊತ್ತಿರುವ ಸಂಗತಿಯೇ. ಆದರೆ ಅವರು ಅದನ್ನು ದೈವಯೋಗದ ಕತೆಯಾಗಿ ಹೇಳುತ್ತಾರೆ, ವಿನ್ಯಾಸದ ಪ್ರಶ್ನೆಯಾಗಿ ಕೇಳುವುದಿಲ್ಲ.

2017ರಲ್ಲಿ ಗೋವಾದ ದೀವಾಡಿ ದ್ವೀಪದ ಅಕ್ವೇರಿಯಸ್ ಶಿಪ್‌ಯಾರ್ಡಿನಲ್ಲಿ ರತ್ನಾಕರ ದಾಂಡೇಕರ್ ಅವರ ತಂಡ ಸುಹೈಲಿಯ ಅಚ್ಚಿನಲ್ಲಿ ತುರೀಯವನ್ನು ಕಟ್ಟಿತು. ದಿಲೀಪ್ ದೊಂದೆ ಹಾಗೂ ಟೋಮಿ ಇಬ್ಬರೂ ಜಗತ್ತು ಸುತ್ತಿದ ನೌಕಾಪಡೆಯ ಮಾದೇಯಿ ಕಟ್ಟಿದ್ದೂ ಇದೇ ಅಂಗಳ. ಮಾದೇಯಿ ಎಂದರೆ ನಮ್ಮ ಮಹದಾಯಿಯೇ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಆ ನದಿ ಕನ್ನಡ ಪತ್ರಿಕೆಗಳಲ್ಲಿ ಟಿಎಂಸಿ ಲೆಕ್ಕದಲ್ಲಷ್ಟೇ ಹರಿಯುತ್ತದೆ. ಅದರ ಕೆಳಪಾತ್ರದಲ್ಲಿ ಸಾಗರ ಸುತ್ತುವ ದೋಣಿಗಳು ಹುಟ್ಟುತ್ತವೆ ಎಂಬುದು ನಮಗೆ ಸುದ್ದಿಯಲ್ಲ. ಇರಲಿ.

ಹೀಗೆ ನಾರ್ವೆಯಿಂದ ಅಮೆರಿಕ, ಅಲ್ಲಿಂದ ಬೊಂಬಾಯಿ, ಕೊನೆಗೆ ಗೋವಾ: ನಕಲಿನ ನಕಲಿನ ನಕಲು. ಪ್ರತಿ ಮೆಟ್ಟಿಲಲ್ಲೂ ಆಕಾರ ಇಳಿದು ಬಂತು, ಆಕಾರದ ಕಾರಣ ಮೇಲೆಯೇ ಉಳಿಯಿತು. ದೋಣಿಯನ್ನು 45 ಅಡಿಯಿಂದ 32 ಅಡಿಗೆ ಕುಗ್ಗಿಸಬಹುದು. ಅಲೆಯನ್ನು ಕುಗ್ಗಿಸುವುದು ಯಾರಿಂದ ಸಾಧ್ಯ?

ಈಗ ಆ ಹಿಂಬದಿ. ಅಲೆಯನ್ನು ಸೀಳುವುದು ಎಂಬ ಚಿತ್ರ ಕಣ್ಣಿಗೆ ಹಿತವಾಗಿದೆ, ಹೊಳೆಯ ನಡುವಿನ ಕಲ್ಲು ನೀರನ್ನು ಎರಡು ಮಾಡುವ ಹಾಗೆ. ಆದರೆ ತೆರೆದ ಸಾಗರದ ದೊಡ್ಡ ಅಲೆ ಹೊಳೆಯಂತೆ ಹರಿದು ಬರುವ ನೀರಲ್ಲ. ಒಡೆಯದ ಅಲೆಯಲ್ಲಿ ನೀರು ಹೆಚ್ಚುಕಡಿಮೆ ಇದ್ದಲ್ಲೇ ಸುತ್ತು ಹಾಕುತ್ತದೆ, ಮುಂದಕ್ಕೆ ಓಡುವುದು ಅಲೆಯ ರೂಪ. ಅಂಥ ಅಲೆಯ ಮುಂದೆ ದೋಣಿ ಮಾಡಬೇಕಾದ ಕೆಲಸ ಒಂದೇ: ಹಿಂಬದಿಯನ್ನು ಎತ್ತಿಕೊಂಡು ಅಲೆಗೆ ದಾರಿ ಬಿಡುವುದು. ಎತ್ತಿಕೊಳ್ಳಲು ಬೇಕಾದದ್ದು ಹಿಂದೆ ತುಂಬಿದ ಒಡಲು, ತೇಲುವ ಶಕ್ತಿ. ಚೂಪು ಹಿಂಬದಿ ಕೊಡುವುದು ಅದರ ತದ್ವಿರುದ್ಧವನ್ನು. ಆರ್ಚರ್‌ನಿಗೆ ಇದು ತಿಳಿದಿತ್ತು. ಅವನ ದೋಣಿಗಳ ಹಿಂಬದಿ ತುದಿಯಲ್ಲಿ ಚೂಪಾದರೂ ಅದರ ಮುಂದೆಯೇ ಮಡಕೆಯ ಹೊಟ್ಟೆಯಂತೆ ತುಂಬಿಕೊಳ್ಳುತ್ತದೆ. ಎಂದರೆ ಚೂಪುತನ ಕಳೆದುಕೊಂಡದ್ದನ್ನು ತುಂಬುತನ ಹಿಂದಕ್ಕೆ ಕೊಟ್ಟಿದೆ. ಹೊಗಳುವವರು ಹೊಗಳುತ್ತಿರುವುದು ನಷ್ಟದ ಬಾಬತ್ತನ್ನು.

ಅಲೆ ಒಡೆದು ಬೀಳುವಾಗ ಲೆಕ್ಕವೇ ಬೇರೆ. ಆಗ ಟನ್ನುಗಟ್ಟಲೆ ನೀರು ಅಲೆಯ ವೇಗದಲ್ಲೇ ಮುಂದಕ್ಕೆ ಎರಗುತ್ತದೆ. ಅದನ್ನು ಮರದ ಅಂಚೊಂದು ಸೀಳುತ್ತದೆ ಎನ್ನುವುದು ಪ್ರವಾಹಕ್ಕೆ ಬಾಗಿಲ ಚಿಲಕ ಹಾಕಿದಂತೆ. 1979ರ ಫಾಸ್ಟ್‌ನೆಟ್ ಸ್ಪರ್ಧೆಯಲ್ಲಿ 15 ಮಂದಿ ಸ್ಪರ್ಧಿಗಳು ಸತ್ತ ಮೇಲೆ ಸೌತಾಂಪ್ಟನ್ನಿನಲ್ಲಿ ಮಾದರಿ ದೋಣಿಗಳನ್ನಿಟ್ಟು ಪರೀಕ್ಷೆ ನಡೆಸಿದರು. ಒಡೆಯುವ ಅಲೆಯ ಎತ್ತರ ದೋಣಿಯ ಉದ್ದದ ಶೇ 30ರಷ್ಟಿದ್ದು ಪಕ್ಕಕ್ಕೆ ಬಡಿದರೆ ಹಲವು ದೋಣಿಗಳು ಮಗುಚಬಹುದು. ಶೇ 60 ಮುಟ್ಟಿದರೆ ಯಾವ ಆಕಾರದ್ದೂ ಪೂರ್ತಿ ಉರುಳುತ್ತದೆ ಎಂಬುದು ಅದರ ಸಾರ. 32 ಅಡಿಯ ದೋಣಿಗೆ ಶೇ 60 ಎಂದರೆ 19 ಅಡಿ. ತುರೀಯ ಸಿಕ್ಕಿಬಿದ್ದ ಬಿರುಗಾಳಿಯಲ್ಲಿ ಗಾಳಿ 70 ನಾಟ್, ಅಲೆ 14 ಮೀಟರ್ ಎಂದು ವರದಿಯಾಗಿತ್ತು. 14 ಮೀಟರ್ ಎಂದರೆ ದೋಣಿಯ ಉದ್ದಕ್ಕಿಂತ ಹೆಚ್ಚು. ಹಿಂಬದಿ ಚೂಪೋ ಚಪ್ಪಟೆಯೋ ಎಂದು ಆ ಅಲೆ ವಿಚಾರಿಸಿಕೊಂಡು ಬರುವುದಿಲ್ಲ.

ಚೂಪು ಹಿಂಬದಿಯಲ್ಲಿ ಒಳ್ಳೆಯದೇನೂ ಇಲ್ಲವೇ? ಇದೆ, ಆದರೆ ಹೇಳುವವರು ಹೇಳುವ ಕಡೆ ಅಲ್ಲ. ಹಿಂದೆ ತೀರ ಅಗಲವಾದ ದೋಣಿಯನ್ನು ಅಲೆ ಎತ್ತಿದಾಗ ಮೂತಿ ನೀರಿನೊಳಕ್ಕೆ ಹೂತು, ದೋಣಿ ಸರ್ರನೆ ಅಡ್ಡ ತಿರುಗಿಬಿಡುತ್ತದೆ. ಅಲೆಗೆ ಪಕ್ಕೆ ಕೊಡುವುದು ಎಂದರೆ ಅದೇ. ಮುಂಬದಿ ಹಿಂಬದಿಗಳ ತೂಕ ಸರಿಹೊಂದಿದ ದೋಣಿ ಹಾಗೆ ಸುಲಭಕ್ಕೆ ತಿರುಗದು. ಈ ಗುಣ ಸುಹೈಲಿಗೆ ಇದೆ. ಆದರೆ ಇದು ಹೊಂದಾಣಿಕೆಯ ಗುಣ, ಚೂಪಿನದಲ್ಲ. ಮಿತವಾದ ಅಗಲದ ಚಪ್ಪಟೆ ಹಿಂಬದಿಯಲ್ಲೂ ಇದು ಸಿಗುತ್ತದೆ.

ಇನ್ನೂ ತಮಾಷೆಯ ಸಂಗತಿಯೆಂದರೆ ಈ ಹಿಂಬದಿಯ ದೋಣಿಗಳನ್ನು ನಿಜವಾಗಿ ನಡೆಸಿದವರೇ ಅದರ ಉಪಯೋಗದ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ನಾಕ್ಸ್-ಜಾನ್ಸ್ಟನ್ ಬಿರುಗಾಳಿಯಲ್ಲಿ ಹಿಂದೆ ಉದ್ದನೆಯ ಹಗ್ಗ ಇಳಿಬಿಟ್ಟು ದೋಣಿಯ ವೇಗ ತಗ್ಗಿಸಿ, ಬೆನ್ನನ್ನು ನೇರವಾಗಿ ಅಲೆಗೆ ಒಡ್ಡಿದರು. ಅಲೆ ಸೀಳುವ ವಾದಕ್ಕೆ ಹೊಂದುವ ಪದ್ಧತಿ ಇದೊಂದೇ. ಫ್ರೆಂಚ್ ನಾವಿಕ ಬರ್ನಾರ್ ಮ್ವಾತೆಸಿಯೆಯ ಉಕ್ಕಿನ ದೋಣಿ ಜೋಶುವಾ ಕೂಡ ಎರಡು ಕಡೆ ಚೂಪಿನದೇ. ಅವನು 1965–66ರಲ್ಲಿ ತಾಹಿತಿಯಿಂದ ಸ್ಪೇನಿಗೆ ಹಾರ್ನ್ ಭೂಶಿರದ ದಾರಿಯಲ್ಲಿ ಬರುವಾಗ ಮೊದಲು ಹೀಗೆಯೇ ಹಗ್ಗ ಎಳೆದ. ಅಲೆಗಳು ದೋಣಿಯನ್ನು ನುಂಗಲು ಬಂದಾಗ ಅರ್ಜೆಂಟೀನಾದ ವೀತೊ ದೂಮಾಸ್ ನೆನಪಾಗಿ, ಚಾಕು ತೆಗೆದು ಹಗ್ಗಗಳನ್ನು ಕತ್ತರಿಸಿಬಿಟ್ಟ. ಅಲೆಗೆ ಬೆನ್ನು ಕೊಡದೆ ಸ್ವಲ್ಪ ಓರೆಯಾಗಿ, ವೇಗವಾಗಿ ಓಡಿಸಿದ. ಅವನು ನೆನೆದ ದೂಮಾಸ್ 1942–43ರಲ್ಲಿ ದಕ್ಷಿಣ ಸಾಗರಗಳನ್ನು ಒಂಟಿಯಾಗಿ ಸುತ್ತಿದ್ದು ಕೂಡ ಎರಡು ಕಡೆ ಚೂಪಾದ ಲೆಗ್ 2ರಲ್ಲಿ, ಹಾಯಿ ಇಳಿಸದೆ. ಮೂವರು ಮಹಾನಾವಿಕರು, ಮೂರೂ ಚೂಪು ಹಿಂಬದಿ, ಅದರಲ್ಲಿ ಇಬ್ಬರು ಆ ಹಿಂಬದಿ ಮಾಡಬೇಕಾದ ಕೆಲಸವನ್ನು ಅದಕ್ಕೆ ಕೊಡಲೇ ಇಲ್ಲ.

ಇಲ್ಲಿ ನನ್ನ ಜಗಳ ಇನ್ನೊಂದು ಬಗೆಯ ವಿಮರ್ಶಕರ ಜೊತೆ. ಅವರದು ಅಂಕಿಸಂಖ್ಯೆಯ ವಾದ. 1968ರ ಮೊದಲ ಗೋಲ್ಡನ್ ಗ್ಲೋಬ್‌ನಲ್ಲಿ ಹೊರಟ ಒಂಬತ್ತು ಮಂದಿಯಲ್ಲಿ ಮುಗಿಸಿದ್ದು ಸುಹೈಲಿ ಒಂದೇ, ಆದ್ದರಿಂದ ವಿನ್ಯಾಸ ಶ್ರೇಷ್ಠ ಎನ್ನುತ್ತಾರೆ. ಉಳಿದ ಎಂಟರ ಪಟ್ಟಿಯನ್ನು ಒಮ್ಮೆ ಓದಿದರೆ ಸಾಕು. ರಿಜ್ವೇ ಮತ್ತು ಬ್ಲೈತ್ ಹೋದದ್ದು 30 ಅಡಿ ಆಸುಪಾಸಿನ, ಕರಾವಳಿಯಲ್ಲಿ ಸಂಸಾರ ಕೂರಿಸಿಕೊಂಡು ಸುತ್ತುವ ಜೋಡಿ ಕೀಲ್ (ಅಡಿಮರ) ದೋಣಿಗಳಲ್ಲಿ. ಕ್ರೌಹರ್ಸ್ಟ್ ಮತ್ತು ಟೆಟ್ಲಿಯವು ಪ್ಲೈವುಡ್ಡಿನ ಮೂರೊಡಲ ದೋಣಿಗಳು. ಕರೋಸ್ಸೊ ಹೊಟ್ಟೆಹುಣ್ಣಿನಿಂದ ಹಿಂದಿರುಗಿದ. ಮುಗಿಸುವ ಶಕ್ತಿಯಿದ್ದ ಇನ್ನೊಂದು ದೋಣಿ ಜೋಶುವಾ. ಅದರ ಯಜಮಾನ ಸ್ಪರ್ಧೆಗೆ ಕೈಮುಗಿದು ತಾಹಿತಿಗೆ ನಡೆದುಬಿಟ್ಟ. ಎದುರಾಳಿಗಳೇ ಇಲ್ಲದ ಅಖಾಡದಲ್ಲಿ ನಿಂತವನ ಗೆಲುವು ಗೆಲುವೇ. ಅವನ ಪಟ್ಟಿನ ಬಗ್ಗೆ ಅದರಿಂದ ಏನೂ ತಿಳಿಯದು.

ಎರಡನೆಯದು ಸತೋರಿಯ ಕತೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಿಕ್‌ನ ವಂಶದ ವೆಸ್ಟ್‌ಸೇಲ್ 32 ಎಂಬ ಫೈಬರ್ ದೋಣಿ ನೂರಾರು ಸಂಖ್ಯೆಯಲ್ಲಿ ಮಾರಾಟವಾಯಿತು. ತೂಕ 19,500 ಪೌಂಡ್, ಹತ್ತಿರಹತ್ತಿರ 9 ಟನ್. ಅದರ ನಿಧಾನಗತಿಗೆ ಅಮೆರಿಕನ್ನರು ‘ಒದ್ದೆ ಬಸವನಹುಳು’ ಎಂದು ಅಡ್ಡಹೆಸರಿಟ್ಟಿದ್ದರು. 1991ರ ಅಕ್ಟೋಬರಿನ ಅಟ್ಲಾಂಟಿಕ್ ಮಹಾಬಿರುಗಾಳಿಯಲ್ಲಿ ಸತೋರಿ ಎಂಬ ವೆಸ್ಟ್‌ಸೇಲ್‌ನಿಂದ ಜನರನ್ನು ಕೋಸ್ಟ್ ಗಾರ್ಡ್ ಇಳಿಸಿಕೊಂಡಿತು. ದೋಣಿ ತಾನೇ ತೇಲಿಕೊಂಡು ಹೋಗಿ ಮೇರಿಲ್ಯಾಂಡಿನ ಮರಳಿನ ಮೇಲೆ ಹೆಚ್ಚು ಹಾನಿಯಿಲ್ಲದೆ ಕೂತಿತ್ತು. ಚೂಪು ಹಿಂಬದಿಯ ಪಕ್ಷದವರಿಗೆ ಇದು ವೇದವಾಕ್ಯ. ಆದರೆ ಆ ಕತೆ ಹೇಳುವುದೇನು? ದಪ್ಪ ಒಡಲಿನ ಭಾರದ ದೋಣಿಯೊಂದು ಹೊಡೆತ ತಿಂದೂ ಮುಳುಗದೆ ತೇಲುತ್ತದೆ ಎಂದು. ಅದು ಹಿಂಬದಿಯ ಸಾಕ್ಷ್ಯವಲ್ಲ, ಒಡಲಿನ ಗಟ್ಟಿತನದ್ದು. ಆ ಲೆಕ್ಕದಲ್ಲಿ ನೋಡಿದರೆ ದೀವಾಡಿಯ ಬಡಗಿಗಳೂ ಗೆದ್ದಿದ್ದಾರೆ: ಸುರುಳಿ ಹೊಡೆದು, ಮುರಿದ ಕೂವೆ ಪಕ್ಕಕ್ಕೆ ಜೋತು ಬಡಿಯುತ್ತಿದ್ದರೂ ತುರೀಯದ ಒಡಲು ಮೂರು ದಿನ ತೇಲುತ್ತಲೇ ಇತ್ತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ಒಸಿರಿಸ್ ಬಂದಾಗ ಟೋಮಿ ಇದ್ದದ್ದು ತೆಪ್ಪದಲ್ಲಲ್ಲ, ತುರೀಯದೊಳಗೇ. ಈ ಒಂದು ಮಾತು ನಮ್ಮ ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರಬೇಕಿತ್ತು. ಬಂದದ್ದು ವಿಮಾನ, ಹಡಗು, ಹೆಲಿಕಾಪ್ಟರುಗಳ ಲೆಕ್ಕ.

ಮೂರನೆಯವರು ಪೋಲಂಡ್ ಮೂಲದ ಮಾರ್ಚಾಯ್‌ನನ್ನು ತಂದು ನಿಲ್ಲಿಸುತ್ತಾರೆ. ಅವನ ಸಮುದ್ರಯೋಗ್ಯತೆಯ ಪುಸ್ತಕ 1986ರದು. ಸ್ಪರ್ಧೆಯ ನಿಯಮಗಳು ದೋಣಿಗಳನ್ನು ಹಗುರ, ಅಗಲ, ಅಪಾಯಕಾರಿ ಮಾಡಿದವು ಎಂಬ ಅವನ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವನು ಹೊಗಳಿದ್ದು ಭಾರವನ್ನು, ಉದ್ದ ಕೀಲನ್ನು, ಉರುಳುವಿಕೆಗೆ ಜಡತ್ವ ಕೊಡುವ ಕೂವೆಯನ್ನು. ಅದನ್ನು ಓದಿ ಚೂಪು ಹಿಂಬದಿಗೆ ಸರ್ಟಿಫಿಕೇಟು ಬರೆದುಕೊಳ್ಳುವುದು ಮದುವೆಯೂಟ ಚೆನ್ನಾಗಿತ್ತೆಂದು ಚಪ್ಪರವನ್ನು ಹೊಗಳಿದಂತೆ. ರಾಬರ್ಟ್ ಪೆರಿ 1970ರ ದಶಕದಲ್ಲಿ ವೇಲಿಯಂಟ್ 40 ದೋಣಿಗೆ ಮೇಲೆ ಚೂಪು ಹಿಂಬದಿ ಕೊಟ್ಟು, ನೀರಿನ ಕೆಳಗೆ ಆಧುನಿಕ ಗಿಡ್ಡ ಕೀಲ್ ಜೋಡಿಸಿದ. ಅಲ್ಲಿಗೆ ಆ ಹಿಂಬದಿ ವೇಷಭೂಷಣ ಎಂಬುದು ಬಯಲಾಗಬೇಕಿತ್ತು. ಕೊಳ್ಳುವವರಿಗೆ ವೇಷವೇ ಬೇಕಿತ್ತು.

ಹಾಗಾದರೆ ಸುಹೈಲಿಯಲ್ಲಿ ನಿಜಕ್ಕೂ ಹೊಗಳಬೇಕಾದದ್ದು ಯಾವುದು? ಯಾರೂ ಪಟ ತೆಗೆಯದ ಭಾಗ: ನೀರಿನಡಿಯ ಉದ್ದ ಕೀಲ್. ಮೂತಿಯ ಕೆಳಗಿನಿಂದ ಚುಕ್ಕಾಣಿಯ ತನಕ ಒಂದೇ ಉದ್ದಕ್ಕೆ ಹರಿಯುವ ಆ ಅಡಿಮರ ದೋಣಿಯನ್ನು ಹಿಡಿದ ದಾರಿಯಲ್ಲಿ ಹಿಡಿದಿಡುತ್ತದೆ. 1968ರ ಸೆಪ್ಟೆಂಬರಿನಲ್ಲಿ ದಕ್ಷಿಣ ಸಾಗರಕ್ಕೆ ಇಳಿಯುತ್ತಿದ್ದಂತೆಯೇ ಒಂದು ಅಲೆ ಸುಹೈಲಿಯನ್ನು ಮಗ್ಗುಲಿಗೆ ಕೆಡವಿತ್ತು. ಕ್ಯಾಬಿನ್ನಿನ ಮಾಡು ಜಾಗ ಬಿಟ್ಟು ಕದಲಿತ್ತು, ಕುಡಿಯುವ ನೀರು ಕೆಟ್ಟಿತ್ತು, ತಾನೇ ಚುಕ್ಕಾಣಿ ಹಿಡಿಯುವ ಗಾಳಿಯಂತ್ರಕ್ಕೆ ಪೆಟ್ಟಾಗಿತ್ತು. ಚೂಪು ಹಿಂಬದಿ ಆ ದಿನ ಎಲ್ಲಿ ಹೋಗಿತ್ತೋ. ಆಸ್ಟ್ರೇಲಿಯ ತಲುಪುವ ಹೊತ್ತಿಗೆ ಆ ಯಂತ್ರ ಪೂರ್ತಿ ಕೈಕೊಟ್ಟಿತು. ಅಲ್ಲಿಂದ ಮುಂದೆ ಪೆಸಿಫಿಕ್ ದಾಟಿ, ಹಾರ್ನ್ ಸುತ್ತಿ, ಅಟ್ಲಾಂಟಿಕ್ ಉದ್ದಕ್ಕೂ ಮೇಲೇರಿ ಇಂಗ್ಲೆಂಡಿನ ಫಾಲ್ಮತ್ ಮುಟ್ಟುವವರೆಗೆ ಒಬ್ಬನೇ ಮನುಷ್ಯ ಚುಕ್ಕಾಣಿ ಕಟ್ಟಿಟ್ಟು, ಎರಡು ಕೂವೆಗಳ ಹಾಯಿಗಳನ್ನು ಎಳೆದು ಸಡಿಲಿಸಿ ಸಮತೂಗಿಸಿ, ಒಳಗೆ ಹೋಗಿ ಮಲಗಿದ. ದೋಣಿ ತಾನೇ ನಡೆಯಿತು. ಇಂದಿನ ಚುರುಕು ದೋಣಿಯನ್ನು ಹೀಗೆ ಬಿಟ್ಟು ಒಂದು ಲೋಟ ಕಾಫಿ ಕಾಯಿಸುವಷ್ಟರಲ್ಲಿ ಅದು ಗಾಳಿಗೆ ಮುಖ ತಿರುಗಿಸಿ ನಿಂತಿರುತ್ತದೆ. ಅಟ್ಕಿನ್‌ನ ನಿಜವಾದ ವಿದ್ಯೆ ಇದು. ಇದಕ್ಕೆ ಪುಸ್ತಕಗಳಲ್ಲಿ ಸಿಕ್ಕಿರುವುದು ಅರ್ಧ ವಾಕ್ಯ, ಅದೂ ನಾವಿಕನ ಜಾಣ್ಮೆಯ ಹೆಸರಿನಲ್ಲಿ.

ಇದಕ್ಕೆ ಬೆಲೆಯೂ ಇದೆ, ಮುಚ್ಚಿಡುವುದಿಲ್ಲ. ಕೀಲಿಗೆ ತಾಗಿಕೊಂಡ ಮೊದಲ ಹಲಗೆಯ ಸಂದು ಬಿಟ್ಟುಕೊಂಡು ಯಾನದ ಆರಂಭದಲ್ಲೇ ಸುಹೈಲಿ ಸೋರತೊಡಗಿತ್ತು. ನಾಕ್ಸ್-ಜಾನ್ಸ್ಟನ್ ಅಟ್ಲಾಂಟಿಕ್‌ನಲ್ಲಿ ನೀರಿಗಿಳಿದು, ಉಸಿರು ಹಿಡಿದು ಮುಳುಗಿ ಮುಳುಗಿ ಹತ್ತಿ ತುಂಬಿ, ಮೇಲೆ ಕ್ಯಾನ್‌ವಾಸ್ ಪಟ್ಟಿ, ಅದರ ಮೇಲೆ ತಾಮ್ರದ ತಗಡು ಬಡಿಯಬೇಕಾಯಿತು. ನಡುವೆ ಬಂದ ಶಾರ್ಕಿಗೆ ಗುಂಡು. ಇನ್ನು ವೇಗ: 30,123 ಮೈಲಿಗೆ 312 ದಿನ, ದಿನಕ್ಕೆ ಸರಾಸರಿ 96 ಮೈಲಿ, ಅಂದರೆ ನಾಲ್ಕು ನಾಟ್. ಸೈಕಲ್ ತುಳಿಯುವವನು ಇದನ್ನು ಹಿಂದೆ ಹಾಕಿ ಹೋಗುತ್ತಾನೆ. ಸುಮಾರು 9 ಟನ್ ತೂಕಕ್ಕೆ ಒಟ್ಟು 666 ಚದರಡಿ ಹಾಯಿ ಎಂದರೆ ಎತ್ತಿಗೆ ಮೀರಿದ ಗಾಡಿ.

ಆದರೂ, ಇಲ್ಲಿ ತುರೀಯವನ್ನು ತೆಗಳಿದವರಿಗೆ ಒಂದು ತೊಡಕಿದೆ. ಬಿರುಗಾಳಿ ಬಡಿದಾಗ ಆ ‘ನಿಧಾನದ ನಕಲು’ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಹಿಂದೆ ಉಳಿದಿದ್ದವುಗಳಲ್ಲಿ 36 ಅಡಿಯ ದೋಣಿಗಳೇ ಹಲವು. ಇದು ಮನುಷ್ಯನ ಕೈಗುಣ ಎನ್ನಬಹುದು. ಪೂರ್ತಿ ಕೈಗುಣ ಎನ್ನಲಾಗದು. ಹಾಯಿಗೆ ಭಾರವಾದ ದೋಣಿ ಬಲವಾದ ಗಾಳಿಯಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ, ದಕ್ಷಿಣ ಸಾಗರದಲ್ಲಿ ಗಾಳಿಗೆ ಬರವಿಲ್ಲ.

ಆ ದಿನಗಳಲ್ಲಿ ಸಂಭ್ರಮದಿಂದ ವರದಿಯಾದ ಒಂದು ಅಂಕಿ ನನ್ನನ್ನು ಈಗಲೂ ಕಾಡುತ್ತದೆ. ಅನಾಹುತದ ಹಿಂದಿನ ದಿನ ತುರೀಯ 24 ಗಂಟೆಗಳಲ್ಲಿ 194 ಮೈಲಿ ಓಡಿತ್ತು. ಎಂಟು ನಾಟ್‌ಗಿಂತ ತುಸು ಹೆಚ್ಚು. ಭಾರದ ದೋಣಿಯೊಂದು ತನ್ನಷ್ಟಕ್ಕೆ ಎಷ್ಟು ಓಡಬಲ್ಲದು ಎಂಬುದಕ್ಕೆ ಹಳೆಯ ಸೂತ್ರವಿದೆ: ನೀರಿನ ಗೆರೆಯಲ್ಲಿನ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಬೇಕು. ಸುಹೈಲಿಯ ಅಚ್ಚಿನಲ್ಲಿ ನೀರಗೆರೆ 28 ಅಡಿ. ಉತ್ತರ ಏಳು ನಾಟ್ ಚಿಲ್ಲರೆ. ಅಂದರೆ ಇಡೀ ಒಂದು ದಿನ, ರಾತ್ರಿ ಸೇರಿಸಿ, ಈ ಒಡಲು ತನ್ನ ಮಿತಿಗಿಂತ ಒಂದು ನಾಟ್ ಮೇಲೆ ಓಡಿದೆ. ಸಾಗರಪ್ರವಾಹದ ಪಾಲನ್ನು ಕಳೆದರೂ ಅದು ಆಗಬೇಕಾದರೆ ಅಲೆಗಳ ಇಳಿಜಾರಿನಲ್ಲಿ ಮತ್ತೆಮತ್ತೆ ಜಾರಿರಬೇಕು. ಹಗುರ ದೋಣಿ ಜಾರುವುದಕ್ಕೆಂದೇ ಹುಟ್ಟಿದ್ದು. ಒಂಬತ್ತು ಟನ್ನಿನ, ತುದಿಗಳಲ್ಲಿ ಸಣ್ಣಗಾದ ದೋಣಿ ಜಾರುವಾಗ ಅದರ ಹಿಂದೆಯೇ ಅಲೆಯ ಗೋಡೆ ಎದ್ದು ನಿಂತಿರುತ್ತದೆ, ಮುಂದೆ ಮೂತಿ ಹೂಳಲು ತಗ್ಗು ಕಾದಿರುತ್ತದೆ. 194 ಎಂಬುದನ್ನು ದಾಖಲೆ ಎಂದು ಚಪ್ಪಾಳೆ ತಟ್ಟಿದರು. ನಾನದನ್ನು ದೋಣಿಯ ನಾಡಿಬಡಿತ ಎಂದು ಓದುತ್ತೇನೆ, ಜ್ವರ ಬಂದಾಗಿನದು. ಹಾಗೆ ಓಡಿಸದಿದ್ದರೆ ಬಿರುಗಾಳಿಯ ದಾರಿಯಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ ಎಂಬುದು ಟೋಮಿಯ ಪಕ್ಷದ ಮಾತಾದೀತು. ಆ ಇಕ್ಕಟ್ಟೇ ಈ ವಿನ್ಯಾಸದ ಮೇಲಿನ ನನ್ನ ಕೊನೆಯ ದೂರು: ನಿಧಾನವಾದರೆ ಬಿರುಗಾಳಿ ಹಿಡಿಯುತ್ತದೆ, ವೇಗವಾದರೆ ದೋಣಿ ತನ್ನ ಅಳವನ್ನು ಮೀರುತ್ತದೆ, ನಡುವಿನ ಅವಕಾಶ ಬಹಳ ಕಿರಿದು.

ಚೂಪು ಹಿಂಬದಿಯಿಂದಲೇ ಮಗುಚಿತು ಎನ್ನುವವರು ಮಾತ್ರ ದಯವಿಟ್ಟು ಬಾಯಿ ಮುಚ್ಚಬೇಕು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್‌ನ 36 ಅಡಿಯ ಬಿಸ್ಕೇ ದೋಣಿಯೂ ಉರುಳಿ ಕೂವೆ ಕಳೆದುಕೊಂಡಿತು. ಡಿಸೆಂಬರಿನಲ್ಲಿ ಸೂಸಿ ಗುಡಾಲ್ ಅವರ ರಸ್ಲರ್ 36, ಚಪ್ಪಟೆ ಹಿಂಬದಿಯ ಮಾದರಿ ದೋಣಿ, ಹಿಂದೆ ಎಳೆಯುತ್ತಿದ್ದ ತಡೆಹಗ್ಗ ತುಂಡಾಗಿ ಮೂತಿಯ ಮೇಲೆ ಪಲ್ಟಿ ಹೊಡೆಯಿತು. ಕೊನೆಗೆ ಗೆದ್ದ ಜಾಂ-ಲೂಕ್ ವಾನ್ ಡೆನ್ ಹೀಡ್‌ನ ರಸ್ಲರನ್ನೂ ನವೆಂಬರಿನಲ್ಲಿ ಅಲೆ ಕೆಡವಿ ಕೂವೆಗೆ ಗಾಯ ಮಾಡಿತ್ತು; ಕಟ್ಟಿಕೊಂಡು, ಸಾವರಿಸಿಕೊಂಡು 212 ದಿನಕ್ಕೆ ಮನೆ ಮುಟ್ಟಿದ. ಆ ಸಲ ಗುರಿ ಮುಟ್ಟಿದ್ದು ಐವರೇ. ಮೊದಲ ಮೂವರದೂ ರಸ್ಲರ್ 36. ರಸ್ಲರಿನ ನೀರಗೆರೆ 27 ಅಡಿಗೂ ತುಸು ಕಡಿಮೆ, ಸುಹೈಲಿಗಿಂತ ಮೋಟು. ತೂಕ ಏಳೂವರೆ ಟನ್ ಆಸುಪಾಸು. ಉದ್ದ ಕೀಲ್ ಅದಕ್ಕೂ ಇದೆ. ಇಲ್ಲದಿರುವುದು ಒಂದೂವರೆ ಟನ್ ಭಾರ ಮತ್ತು ಆ ಹಿಂಬದಿ. ಅಟ್ಕಿನ್‌ನ ಒಳ್ಳೆಯದನ್ನು ಇಟ್ಟುಕೊಂಡು ಆರ್ಚರ್‌ನ ಅನವಶ್ಯಕವನ್ನು ಬಿಟ್ಟವರು ಅದನ್ನು ಬರೆದವರು.

ತುರೀಯ ಎಂಬ ಹೆಸರು ಎಚ್ಚರ, ಕನಸು, ನಿದ್ರೆಗಳನ್ನು ದಾಟಿದ ನಾಲ್ಕನೆಯ ಅವಸ್ಥೆಯದು. ದೋಣಿ ಮಾತ್ರ ಇನ್ನೊಬ್ಬರ ಕನಸಿನಿಂದ ಎಚ್ಚರಗೊಳ್ಳಲಿಲ್ಲ. ಸುಹೈಲಿಗೆ ಗೌರವ ಸಲ್ಲಿಸಬೇಕಾದರೆ ಅದರ ಕೀಲನ್ನು ಓದಬೇಕಿತ್ತು. ನಾವು ಅದರ ಬೆನ್ನಿಗೆ ನಮಸ್ಕಾರ ಮಾಡಿ ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಂತೆ ಮಾಡಿದೆವು. ಕಟ್ಟಿದವರ ಕೈ ಚೆನ್ನಾಗಿತ್ತು, ನಡೆಸಿದವನ ಕೈ ಇನ್ನೂ ಚೆನ್ನಾಗಿತ್ತು, ಅಚ್ಚು ತಪ್ಪಾಗಿತ್ತು.

ಟೋಮಿ 2022ರಲ್ಲಿ ಮತ್ತೆ ಹೊರಟಾಗ ಆಯ್ದುಕೊಂಡದ್ದು ರಸ್ಲರ್ 36, ಹೆಸರು ಬಯಾನತ್. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಮುಟ್ಟಿದರು. ಎರಡು ದಿನ ಮೊದಲೇ ಬಂದು ಗೆದ್ದದ್ದು ದಕ್ಷಿಣ ಆಫ್ರಿಕದ ಕಿರ್ಸ್ಟನ್ ನಾಯ್‌ಶೇಫರ್ ಅವರ ಮಿನ್ನೆಹಾಹಾ, ಕೇಪ್ ಜಾರ್ಜ್ 36 ಎಂಬ ಮಾದರಿಯದು. ಆ ಮಾದರಿಯ ಮೂಲ ರೇಖೆಗಳೂ ಎರಿಕ್ ಬರೆದ ಅದೇ ವಿಲಿಯಂ ಅಟ್ಕಿನ್‌ನವು. ಅದರ ಹಿಂಬದಿ ಚಪ್ಪಟೆ.